ಹಳೆಯ ಆಟ, ಹೊಸ ಯಂತ್ರ: ಮರುಮಾರಾಟದ ಇಳಿತವನ್ನು ಕುರಿತು

ಮೂವತ್ತು ನಲವತ್ತು ವರ್ಷಗಳ ಹಿಂದೆ ರಚಿತವಾದ ವಿಡಿಯೋ ಆಟಗಳನ್ನು ಇಂದಿನ ಯಂತ್ರಗಳಿಗೆ ಒಗ್ಗಿಸಿ ಮತ್ತೊಮ್ಮೆ ಮಾರುವುದು ಈ ಶತಮಾನದ ಒಂದು ವಿಶಿಷ್ಟ ವ್ಯಾಪಾರ. ಇದನ್ನು ಗ್ರಂಥಗಳ ಮರುಮುದ್ರಣಕ್ಕೆ ಹೋಲಿಸುವುದುಂಟು. ಹೋಲಿಕೆ ಸ್ವಲ್ಪ ದೂರ ಮಾತ್ರ ನಡೆಯುತ್ತದೆ. ಪುಸ್ತಕವನ್ನು ಓದಲು ಕಣ್ಣು, ಬೆಳಕು, ಭಾಷೆ ಇದ್ದರೆ ಸಾಕು. ವಿಡಿಯೋ ಆಟವಾದರೋ ತಾನು ಹುಟ್ಟಿದ ಯಂತ್ರದ ಹಂಗಿನಲ್ಲಿಯೇ ಬದುಕುತ್ತದೆ. ಆ ಯಂತ್ರದ ತಯಾರಿಕೆ ನಿಂತರೆ ಆಟವನ್ನು ಹೊಸದೊಂದು ಯಂತ್ರಕ್ಕೆ ಸಾಗಿಸಬೇಕು. ಸಾಗಿಸುವವರು ಯಾರೂ ಇಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ. ಹೀಗೆ ಸಾಗಿಸಿ ಮಾರುವ ಕೆಲಸ ಕೆಲವು ವರ್ಷ ಬಹಳ ಭರದಿಂದ ನಡೆದು, ಅನಂತರ ಬಿಡಿಮಾರಾಟದಲ್ಲಿ ಇಳಿಮುಖವನ್ನು ಕಂಡಿತು. ಈ ಇಳಿತದ ಅರ್ಥವೇನು, ಅದರಿಂದ ಆಟಗಳಿಗೆ ಆಗುವ ಹಾನಿ ಎಂತಹುದು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ. ವಿವೇಚನೆಗೆ ಒರೆಗಲ್ಲಾಗಿ ನಮ್ಮ ಆಲಮಟ್ಟಿಯ ಸುತ್ತಿನ ಸೀಮೆಯಲ್ಲಿ ಅಂಗಡಿಯ ನೆರವಿಲ್ಲದೆ ಉಳಿದುಬಂದಿರುವ ಚೌಕಾಬಾರದ ಆಟವನ್ನು ಮುಂದೆ ತೆಗೆದುಕೊಳ್ಳಲಾಗುವುದು.

ಮೊದಲು ವ್ಯಾಪಾರದ ಸಂಗತಿ. ಜಪಾನಿನ ನಿಂಟೆಂಡೊ ಸಂಸ್ಥೆಯು ೧೯೮೩ರಲ್ಲಿ 'ಫ್ಯಾಮಿಕಾಂ' ಎಂಬ ಆಟದ ಯಂತ್ರವನ್ನು ಹೊರತಂದಿತು; ೧೯೮೫ರಿಂದ ಅದೇ ಯಂತ್ರ ಬೇರೆ ಹೆಸರಿನಿಂದ, ಬೇರೆ ಮೈಕಟ್ಟಿನಿಂದ ಅಮೆರಿಕದಲ್ಲಿ ಮಾರಾಟವಾಯಿತು. ದೂರದರ್ಶನದ ಪೆಟ್ಟಿಗೆಗೆ ಜೋಡಿಸಿ ಆಡುವ ಇಂತಹ ಯಂತ್ರಗಳಿಗೆ ಕನ್ಸೋಲ್ ಎಂದು ಹೆಸರು. ಇಪ್ಪತ್ತು ವರ್ಷಗಳ ತರುವಾಯ, ೨೦೦೬ರಲ್ಲಿ, ಅದೇ ಸಂಸ್ಥೆ 'ವೀ' ಎಂಬ ಹೊಸ ಕನ್ಸೋಲನ್ನು ತಂದಾಗ ಅದರ ಜೊತೆಗೆ ಒಂದು ಜಾಲದ ಅಂಗಡಿಯನ್ನೂ ತೆರೆಯಿತು. ಅಲ್ಲಿ ಫ್ಯಾಮಿಕಾಂ ಕಾಲದ ಆಟಗಳನ್ನು ಒಂದೊಂದಕ್ಕೆ ಸುಮಾರು ಐದು ಡಾಲರಿನಂತೆ ಬಿಡಿಬಿಡಿಯಾಗಿ ಕೊಳ್ಳಬಹುದಾಗಿತ್ತು. ಹಳೆಯ ಆಟವನ್ನು ಹೊಸದಾಗಿ ಬರೆಯದೆಯೇ ಹೊಸ ಯಂತ್ರದಲ್ಲಿ ನಡೆಸುವ ಉಪಾಯಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ಇದು ಹಳೆಯ ಯಂತ್ರದ ವೇಷ ಹಾಕುವ ಒಂದು ತಂತ್ರಾಂಶ. ಆಟವು ತನ್ನ ಹಳೆಯ ಒಡೆಯನಿಗೆ ಕೊಡುತ್ತಿದ್ದ ಆಜ್ಞೆಗಳನ್ನೇ ಕೊಡುತ್ತ ಹೋಗುತ್ತದೆ. ಎಮ್ಯುಲೇಟರು ಅವನ್ನು ಕೇಳಿಸಿಕೊಂಡು ಹೊಸ ಯಂತ್ರಕ್ಕೆ ತಿಳಿಯುವಂತೆ ತಿರುಗಿಸುತ್ತದೆ. ದುಭಾಷಿಯ ಕೆಲಸವೆಂದರೂ ಸಲ್ಲುತ್ತದೆ.

೨೦೧೬ರ ನವೆಂಬರಿನಲ್ಲಿ ನಿಂಟೆಂಡೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಳೆಯ ಕನ್ಸೋಲಿನದೇ ರೂಪವುಳ್ಳ ಅಂಗೈಯಗಲದ ಪೆಟ್ಟಿಗೆಯಲ್ಲಿ ಮೂವತ್ತು ಆಟಗಳನ್ನು ಅಡಗಿಸಿ ಮಾರಿತು. ಕೆಲವೇ ತಿಂಗಳಲ್ಲಿ ಇಪ್ಪತ್ತಮೂರು ಲಕ್ಷ ಪೆಟ್ಟಿಗೆಗಳು ಖರ್ಚಾದುವು. ಮರುವರ್ಷ ಇಪ್ಪತ್ತೊಂದು ಆಟಗಳ ಇನ್ನೊಂದು ಪೆಟ್ಟಿಗೆ ಬಂದು ಅದೂ ಗೆದ್ದಿತು. ಇದನ್ನು ಕಂಡ ಸೋನಿ ಸಂಸ್ಥೆ ೨೦೧೮ರ ಡಿಸೆಂಬರಿನಲ್ಲಿ ತನ್ನ ಪ್ಲೇಸ್ಟೇಷನ್ನಿನ ಇಪ್ಪತ್ತು ಹಳೆಯ ಆಟಗಳ ಪೆಟ್ಟಿಗೆಯನ್ನು ನೂರು ಡಾಲರಿಗೆ ಇಟ್ಟಿತು. ಅದೇ ತಿಂಗಳು ಮುಗಿಯುವುದರೊಳಗೆ ಬೆಲೆಯನ್ನು ಅರವತ್ತಕ್ಕೆ ಇಳಿಸಬೇಕಾಯಿತು. ೨೦೧೯ರ ಜನವರಿ ೩೦ರಂದು 'ವೀ' ಯಂತ್ರದ ಅಂಗಡಿಯೇ ಮುಚ್ಚಿತು. ೨೦೨೩ರ ಮಾರ್ಚಿಯಲ್ಲಿ ಅದೇ ಸಂಸ್ಥೆಯ ಇನ್ನೆರಡು ಯಂತ್ರಗಳ ಅಂಗಡಿಗಳಲ್ಲಿಯೂ ಮಾರಾಟ ನಿಂತಿತು. ೨೦೧೭ರಲ್ಲಿ ಬಂದ 'ಸ್ವಿಚ್' ಎಂಬ ಕನ್ಸೋಲಿಗೆ ಆ ಸಂಸ್ಥೆ ಹಳೆಯ ಅಂಗಡಿಯನ್ನು ಮತ್ತೆ ಕಟ್ಟಲಿಲ್ಲ. ೨೦೧೮ರ ಸೆಪ್ಟೆಂಬರಿನಿಂದ ವಾರ್ಷಿಕ ಚಂದಾ ತೆತ್ತವರಿಗೆ ಹಳೆಯ ಆಟಗಳ ಒಂದು ಗಂಟನ್ನೇ ತೆರೆದಿಟ್ಟಿತು.

ಅರ್ಥಶಾಸ್ತ್ರದ ವಿದ್ಯಾರ್ಥಿ ಇಲ್ಲಿ ಒಂದು ಎಚ್ಚರಿಕೆಯನ್ನು ವಹಿಸಬೇಕು. ಬಿಡಿಮಾರಾಟ ಇಳಿಯಿತೆಂದ ಮಾತ್ರಕ್ಕೆ ಆಟವಾಡುವುದು ಇಳಿಯಿತೆಂದು ಹೇಳಲಾಗದು. ಊರಿಗೊಂದು ವಾಚನಾಲಯವಾದರೆ ಪುಸ್ತಕ ಕೊಳ್ಳುವವರು ಕಡಿಮೆಯಾಗಬಹುದು, ಓದುವವರು ಹೆಚ್ಚಬಹುದು. ಚಂದಾದ ಪದ್ಧತಿಯಲ್ಲಿ ಒಂದೊಂದು ಆಟಕ್ಕೂ ಎಷ್ಟು ಬೆಲೆ ಬಂತೆಂಬ ಲೆಕ್ಕವೇ ಅಳಿಸಿಹೋಗುತ್ತದೆ. ಜಪಾನಿನ ಹ್ಯಾಮ್‌ಸ್ಟರ್ ಎಂಬ ಸಂಸ್ಥೆ ೨೦೧೪ರಿಂದ ಹಳೆಯ ನಾಣ್ಯದ ಯಂತ್ರಗಳ ಆಟಗಳನ್ನು ಬಿಡಿಯಾಗಿಯೇ ಮಾರುತ್ತ ಬಂದಿರುವುದೂ ಉಂಟು. ಆದರೂ ವಾಚನಾಲಯದ ಉಪಮಾನದಲ್ಲಿ ಒಂದು ಕುಂದಿದೆ. ವಾಚನಾಲಯಕ್ಕೆ ಪುಸ್ತಕವಾದರೂ ಸ್ವಂತದ್ದು. ಚಂದಾದಾರನಿಗೂ ಅವನ ಊರಿಗೂ ಇಲ್ಲಿ ಏನೂ ಸ್ವಂತವಿಲ್ಲ. ಚಂದಾ ನಿಂತ ದಿನ ಕೈ ಬರಿದು. ಮಾಲಿಕನು ಗಂಟಿನಿಂದ ಒಂದು ಆಟವನ್ನು ಹಿಂದಕ್ಕೆ ತೆಗೆದರೆ ಕೇಳುವವರಿಲ್ಲ.

ಮಾರಾಟದ ಉಬ್ಬರ ಇಳಿದುದಕ್ಕೆ ಮತ್ತೊಂದು ಕಾರಣವು ಕೊಳ್ಳುವವನ ಮನಸ್ಸಿನಲ್ಲಿದೆ. ೨೦೧೬ರಲ್ಲಿ ಆ ಚಿಕ್ಕ ಪೆಟ್ಟಿಗೆಗಾಗಿ ಅಂಗಡಿಯ ಮುಂದೆ ಸಾಲುನಿಂತವನು ಬಹುಶಃ ೧೯೮೭ರ ಹುಡುಗ. ಅವನು ಕೊಂಡದ್ದು ಆಟವನ್ನಲ್ಲ, ಆಟದ ನೆನಪನ್ನು. ನೆನಪನ್ನು ಒಮ್ಮೆ ಕೊಂಡರೆ ಮತ್ತೆ ಕೊಳ್ಳಬೇಕಾಗಿಲ್ಲ. ಅವನ ಮಕ್ಕಳಿಗೆ ಆ ನೆನಪಿಲ್ಲ. ಅವರಿಗೆ ಅದು ಒರಟು ಚಿತ್ರಗಳ ಕಷ್ಟವಾದ ಆಟ, ಅಷ್ಟೆ. ಹೀಗೆ ಈ ವ್ಯಾಪಾರದ ಗಿರಾಕಿ ಒಂದೇ ತಲೆಮಾರಿನವನು. ಸಾಮಾನ್ಯ ಸರಕು ಬಳಕೆಯಿಂದ ತೀರಿ ಮತ್ತೆ ಬೇಡಿಕೆಯನ್ನು ಹುಟ್ಟಿಸಿದರೆ, ಇಲ್ಲಿ ಕೊಳ್ಳುವುದರಿಂದಲೇ ಬೇಡಿಕೆ ತೀರುತ್ತದೆ.

ಅಷ್ಟೇ ಅಲ್ಲ, ಸಾಗಿಸಿದ ಆಟ ನಿಜವಾಗಿಯೂ ಅದೇ ಆಟವೇ ಎಂಬ ಪ್ರಶ್ನೆಯಿದೆ. ೧೯೮೪ರ 'ಡಕ್ ಹಂಟ್' ಎಂಬ ಬಾತುಬೇಟೆಯ ಆಟವನ್ನು ಉದಾಹರಣೆಗೆ ನೋಡೋಣ. ಅದರಲ್ಲಿ ಪರದೆಗೆ ಗುರಿಯಿಟ್ಟು ಹಾರಿಸುವ ಒಂದು ಪ್ಲಾಸ್ಟಿಕ್ ಬಂದೂಕವಿತ್ತು. ಬಂದೂಕದಿಂದ ಏನೂ ಹೊರಡುವುದಿಲ್ಲ. ಬೆಳಕು ಅದರೊಳಕ್ಕೆ ಹೋಗುತ್ತದೆ. ಕುದುರೆಯನ್ನು ಎಳೆದ ಕೂಡಲೆ ಪರದೆ ಕ್ಷಣಾಂಶಕಾಲ ಪೂರ್ತಿ ಕಪ್ಪಾಗಿ, ಮರುಕ್ಷಣ ಹಕ್ಕಿಯಿದ್ದ ಕಡೆ ಮಾತ್ರ ಬಿಳಿಯ ಚೌಕವೊಂದು ಮೂಡುತ್ತದೆ. ನಳಿಕೆಯೊಳಗಿನ ಬೆಳಕಿನ ಗ್ರಾಹಕವು ಮೊದಲು ಕತ್ತಲೆಯನ್ನೂ ಆಮೇಲೆ ಬೆಳಕನ್ನೂ ಕಂಡರೆ ಗುರಿ ಸರಿಯೆಂದು ತೀರ್ಮಾನ. ಹಳೆಯ ಗಾಜಿನ ಕೊಳವೆಯ ಟಿ.ವಿ.ಯಲ್ಲಿ ಚಿತ್ರ ಬಂದಂತೆಯೇ ಬರೆಯಲ್ಪಡುತ್ತಿತ್ತು. ಇಂದಿನ ತೆಳು ಪರದೆಗಳು ಚಿತ್ರವನ್ನು ಒಳಗೆ ತಿದ್ದಿ ತೀಡಿ ತುಸು ತಡಮಾಡಿ ತೋರಿಸುತ್ತವೆ. ತಡವು ಕಣ್ಣಿಗೆ ತಿಳಿಯುವಷ್ಟಿಲ್ಲ, ಬಂದೂಕಕ್ಕೆ ತಿಳಿಯುತ್ತದೆ. ಆದುದರಿಂದ ಹಕ್ಕಿ ಎಂದಿಗೂ ಬೀಳುವುದಿಲ್ಲ. ಸೋನಿಯ ಪೆಟ್ಟಿಗೆಗೂ ಇದೇ ಜಾತಿಯ ದೋಷ ತಗುಲಿತ್ತು. ಅದರಲ್ಲಿನ ಕೆಲವು ಆಟಗಳು ಯೂರೋಪಿನ ಪಾಠಗಳು. ಅವು ಸೆಕೆಂಡಿಗೆ ಐವತ್ತು ಸಲ ಚಿತ್ರ ಬದಲಾಗುವ ಟಿ.ವಿ.ಗಳಿಗಾಗಿ ಸಿದ್ಧವಾದವು. ಅರವತ್ತರ ವೇಗಕ್ಕೆ ಬೆರಳು ಪಳಗಿದ್ದ ಅಮೆರಿಕದ ಆಟಗಾರನಿಗೆ ಅವು ಕುಂಟುವಂತೆ ತೋರಿದುವು. ಗ್ರಂಥಸಂಪಾದನೆ ಬಲ್ಲವರಿಗೆ ಪಾಠಾಂತರದ ತೊಂದರೆ ಹೊಸದಲ್ಲ. ವ್ಯಾಪಾರಿಗಳು ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇನ್ನು ನಮ್ಮ ದೇಶದ ಕಡೆಗೆ ಬರೋಣ. ವಿಜಯಪುರ, ಬಾಗಲಕೋಟೆಗಳಂತಹ ಊರುಗಳಲ್ಲಿ ೧೯೯೦ರ ದಶಕದ ಮಕ್ಕಳು ಕಂಡ ವಿಡಿಯೋ ಆಟ ನಿಂಟೆಂಡೊದ ಹೆಸರು ಹೊತ್ತು ಬಂದುದಲ್ಲ. ಫ್ಯಾಮಿಕಾಂ ಯಂತ್ರದ ಅನಧಿಕೃತ ಪ್ರತಿಕೃತಿಗಳು ಅಗ್ಗದ ಬೆಲೆಗೆ ಭಾರತದ ಪೇಟೆಗಳಲ್ಲೆಲ್ಲ ಹರಡಿದ್ದುವು. ಅವುಗಳ ಆಟದ ತುಂಡಿಗೆ ನಮ್ಮಲ್ಲಿ ಎಲ್ಲರೂ 'ಕ್ಯಾಸೆಟ್' ಎಂದೇ ಹೇಳುತ್ತಿದ್ದರು. ಸಾವಿರಾರು ಆಟಗಳಿವೆಯೆಂದು ಮೇಲೆ ಬರೆದಿದ್ದ ಕ್ಯಾಸೆಟ್ಟಿನಲ್ಲಿ ಹತ್ತಿಪ್ಪತ್ತು ಆಟಗಳೇ ಮತ್ತೆ ಮತ್ತೆ ಬರುತ್ತಿದ್ದುದೂ ಪ್ರಸಿದ್ಧವೇ. ಆದುದರಿಂದ ಇಲ್ಲಿಯವರ ಬಾಲ್ಯಸ್ಮೃತಿಯಲ್ಲಿರುವುದು ಹೆಸರಿಲ್ಲದ ಒಂದು ಪೆಟ್ಟಿಗೆ. ಅಧಿಕೃತ ಮರುಮಾರಾಟಕ್ಕೆ ಆ ಪೆಟ್ಟಿಗೆಯ ಪರಿಚಯವಿಲ್ಲ, ಆ ಪೆಟ್ಟಿಗೆಯ ಮಕ್ಕಳಿಗೆ ಅಧಿಕೃತ ಯಂತ್ರದ ಪರಿಚಯವಿಲ್ಲ. ನಮ್ಮ ಪ್ರಾಂತದಲ್ಲಿ ಈ ವ್ಯಾಪಾರ ಇಳಿಯಿತೆನ್ನುವುದಕ್ಕಿಂತ ಏರಲೇ ಇಲ್ಲವೆನ್ನುವುದು ಸರಿಯಾದೀತು.

ಹಳೆಯ ಆಟವನ್ನು ಹೊಸ ಯಂತ್ರದಲ್ಲಿ ಕೂರಿಸುವ ಯತ್ನ ಭಾರತದಲ್ಲಿ ನಡೆಯದೆ ಇಲ್ಲ. ೨೦೦೯ರಲ್ಲಿ ಸೋನಿಯ ಕನ್ಸೋಲಿಗೆಂದು ಹೈದರಾಬಾದಿನಲ್ಲಿ ತಯಾರಾದ 'ದೇಸಿ ಅಡ್ಡಾ' ಎಂಬ ಆಟದಲ್ಲಿ ಕಬಡ್ಡಿ, ಗಾಳಿಪಟ, ಮತ್ತು ನಮ್ಮ ಕಡೆ ಚಿಣಿಫಣಿ ಎನ್ನುವ ಚಿಣ್ಣಿದಾಂಡು ಇದ್ದುವು. ಕೋಲಿನ ತುದಿಯಿಂದ ಚಿಣ್ಣಿಯನ್ನು ಪುಟಿಸಿ ಹೊಡೆಯುವ ಆಟವನ್ನು ಗುಂಡಿಯೊತ್ತಿ ಆಡುವುದರಲ್ಲಿ ಏನು ಸುಖವೋ ತಿಳಿಯದು. ಕೋಲು ಬೇಲಿಯಲ್ಲಿ ಪುಕ್ಕಟೆಯಾಗಿ ಸಿಕ್ಕುವಾಗ ಅದರ ಚಿತ್ರಕ್ಕೆ ಹಣ ತೆರುವವರು ವಿರಳ. ಇದಕ್ಕೆ ಪ್ರತಿಯಾಗಿ ೨೦೧೬ರಲ್ಲಿ ಮುಂಬಯಿಯಿಂದ ಬಂದ 'ಲೂಡೋ ಕಿಂಗ್' ಎಂಬ ಫೋನಿನ ಆಟವನ್ನು ಹತ್ತು ಕೋಟಿಗೂ ಮಿಕ್ಕಿದ ಸಲ ಜನ ಇಳಿಸಿಕೊಂಡರು. ಲೂಡೋ ಎಂಬುದು ನಮ್ಮ ಪಗಡೆಯನ್ನು ಮೊಟಕುಮಾಡಿ ೧೮೯೬ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದ ರೂಪ. ೨೦೨೦ರ ಸಾಂಕ್ರಾಮಿಕದ ದಿನಗಳಲ್ಲಿ ಬೇರೆ ಬೇರೆ ಊರುಗಳಲ್ಲಿ ಸಿಕ್ಕಿಬಿದ್ದ ಬಂಧುಗಳು ಅದರ ಮೂಲಕ ಒಂದೇ ಹಾಸಿನ ಸುತ್ತ ಕುಳಿತಂತಾಯಿತು. ಆ ಆಟ ಪುಕ್ಕಟೆ. ಅದರ ಆದಾಯ ಜಾಹೀರಾತು ಮೊದಲಾದುವುಗಳಿಂದ. ಅದು ಗೆದ್ದದ್ದು ನೆನಪನ್ನು ಮಾರಿದುದರಿಂದಲ್ಲ, ಜೊತೆಗಾರರನ್ನು ಕೂಡಿಸಿದುದರಿಂದ. ಯಂತ್ರದ ದಾಳ ಮೋಸಮಾಡುತ್ತದೆಂಬ ದೂರು ಮಾತ್ರ ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಕವಡೆಯನ್ನು ಕೈಯಲ್ಲಿ ಕುಲುಕಿದವರಿಗೆ ಕಾಣದ ದಾಳದ ಮೇಲೆ ನಂಬಿಕೆ ಹುಟ್ಟುವುದು ಕಷ್ಟವೇ ಸರಿ.

ಈಗ ಆಲಮಟ್ಟಿಯ ಉದಾಹರಣೆ. ಇಂದು ನಿಡಗುಂದಿ ತಾಲ್ಲೂಕಿಗೆ ಸೇರಿದ, ಮೊದಲು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಈ ಊರಿನಲ್ಲಿ ಕೃಷ್ಣಾನದಿಯ ಅಣೆಕಟ್ಟಿಗೆ ೧೯೬೪ರ ಮೇ ೨೨ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ಸುಪ್ರೀಂ ಕೋರ್ಟಿನ ೨೦೦೦ದ ತೀರ್ಪು ನೀರಿನ ಮಟ್ಟವನ್ನು ೫೧೯.೬ ಮೀಟರಿನವರೆಗೆ ಒಪ್ಪಿತು. ೨೦೦೬ರ ಆಗಸ್ಟ್ ೨೧ರಂದು ರಾಷ್ಟ್ರಪತಿ ಅಬ್ದುಲ್ ಕಲಾಮರು ಜಲಾಶಯವನ್ನು ಲೋಕಾರ್ಪಣ ಮಾಡಿದರು. ಈ ನಡುವೆ ಹಿನ್ನೀರಿನಂಚಿನ ಅನೇಕ ಹಳ್ಳಿಗಳು, ಹಳೆಯ ಬಾಗಲಕೋಟೆಯ ಬಹುಭಾಗ ಮುಳುಗಡೆಗೆ ಸಂದು, ಜನ ಪುನರ್ವಸತಿ ಕೇಂದ್ರಗಳಿಗೂ ನವನಗರಕ್ಕೂ ಬಂದರು. ಸ್ಥಳಾಂತರವೆಂಬ ಪದದ ಅರ್ಥ ಈ ಸೀಮೆಯವರಿಗೆ ಕೋಶವನ್ನು ನೋಡದೆಯೇ ತಿಳಿಯುತ್ತದೆ. ಮನೆಯ ಕಂಬ ತೊಲೆಗಳನ್ನು ಕಿತ್ತು ತರಬಹುದು. ಊರ ಮುಂದಿನ ಕಟ್ಟೆಯನ್ನು ತರಲಾಗುವುದಿಲ್ಲ. ಕಟ್ಟೆಯ ಹಾಸುಗಲ್ಲಿನ ಮೇಲೆ ಆಟದ ಮನೆಗಳನ್ನು ಕೊರೆಯುವ ರೂಢಿ ಕನ್ನಡನಾಡಿನಲ್ಲಿ ಹಳೆಯದು. ಹಂಪೆಯ ಮಂಟಪಗಳ ನೆಲಗಲ್ಲುಗಳ ಮೇಲೆ ಅಂತಹ ಗೆರೆಗಳನ್ನು ಈಗಲೂ ನೋಡಬಹುದು. ಕಲ್ಲು ನೀರಿನಡಿ ಉಳಿದರೆ ಆಟದ ಗತಿಯೇನು?

ಚೌಕಾಬಾರದ ರಚನೆಯನ್ನು ನೋಡಿದರೆ ಉತ್ತರ ದೊರೆಯುತ್ತದೆ. ಕಟ್ಟೆಮನೆ ಎಂಬ ಹೆಸರೂ ಇದಕ್ಕುಂಟು. ಅಡ್ಡ ಐದು, ಉದ್ದ ಐದು, ಒಟ್ಟು ಇಪ್ಪತ್ತೈದು ಮನೆಗಳು. ನಾಲ್ಕು ಬದಿಗಳ ನಡುಮನೆಗಳಿಗೂ ಒಟ್ಟು ನಡುವಿನ ಮನೆಗೂ ಕತ್ತರಿಗೆರೆ ಹಾಕಿದರೆ ಅವು ಕಟ್ಟೆಗಳು. ಅಲ್ಲಿ ಕುಳಿತ ಕಾಯನ್ನು ಯಾರೂ ಹೊಡೆಯುವಂತಿಲ್ಲ. ಆಟಗಾರನಿಗೆ ನಾಲ್ಕು ಕಾಯಿ, ಎಲ್ಲರಿಗೂ ಸೇರಿ ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಕಾಯಿ ಹೊರಸುತ್ತನ್ನು ಮುಗಿಸಿ, ದಿಕ್ಕು ಬದಲಿಸಿ ಒಳಸುತ್ತಿಗೆ ತಿರುಗಿ, ನಡುಮನೆ ಸೇರಿದರೆ 'ಹಣ್ಣಾಯಿತು'. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬುದು ಬಹುಕಡೆಯ ನಿಯಮ. ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಒಡೆದು ಎರಡು ಹೋಳು ಮಾಡಿದರಾಯಿತು. ಒಂದು ಮೈ ಕಪ್ಪು, ಇನ್ನೊಂದು ಬಿಳಿ. ಕಾಯಿಗೆ ಬಳೆಚೂರು, ಹರಳು, ಕಡ್ಡಿ, ಏನಾದರೂ ಸರಿ. ಬರೆಯುವುದಕ್ಕೆ ಇದ್ದಿಲು ಸಾಕು.

ಎಂದರೆ ಈ ಆಟದ ಇಡೀ ಯಂತ್ರವು ಆಡುವವರ ತಲೆಯಲ್ಲಿದೆ. ಕಲ್ಲಿನ ಗೆರೆ ಮುಳುಗಿದರೆ ಹೊಸ ಮನೆಯ ಸಿಮೆಂಟಿನ ಜಗಲಿಯ ಮೇಲೆ ಅರೆಗಳಿಗೆಯಲ್ಲಿ ಹೊಸ ಗೆರೆ ಎದ್ದುಬರುತ್ತದೆ. ಅಂಗಡಿಯವನು ಅದರ ಮಣೆಯನ್ನು ಮಾರಲಿ ಬಿಡಲಿ, ಸರ್ಕಾರ ಪರಿಹಾರ ಕೊಡಲಿ ಬಿಡಲಿ, ಆಟಕ್ಕೆ ಬಾಧಕವಿಲ್ಲ. ಮಾರಾಟದ ಅಂಕಿಗಳು ಅದರ ಆಯುಸ್ಸನ್ನು ಅಳೆಯಲಾರವು. ಅದಕ್ಕೆ ಬೇಕಾದುದು ಒಂದೇ: ಬಲ್ಲವರು ಮನೆಯ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಆಡಬೇಕು. ಆ ಸರಪಳಿ ಕಡಿದರೆ ಮಾತ್ರ ಅದಕ್ಕೆ ಸಾವು.

ಸರಪಳಿ ಕಡಿದುದರ ದೃಷ್ಟಾಂತವೂ ಕರ್ನಾಟಕದಲ್ಲಿಯೇ ಇದೆ. ೧೮೩೧ರಲ್ಲಿ ರಾಜ್ಯಾಡಳಿತ ಕೈತಪ್ಪಿದ ಮೇಲೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪-೧೮೬೮) ಕಲೆ ಸಾಹಿತ್ಯಗಳಲ್ಲಿ ಮನಸ್ಸಿಟ್ಟು ಎಷ್ಟೋ ಹೊಸ ಆಟಗಳನ್ನೂ ಕಲ್ಪಿಸಿದರು. ಅವರ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು. ದಶಾವತಾರದ ಗಂಜೀಫಾದಲ್ಲಿ ಹತ್ತು ಬಣ್ಣ, ಬಣ್ಣಕ್ಕೆ ಹನ್ನೆರಡು, ಒಟ್ಟು ೧೨೦ ಎಲೆಗಳಿದ್ದರೆ, ಅರಸರು ಕಲ್ಪಿಸಿದ ಎಲೆಯಾಟಗಳಲ್ಲಿ ಒಂದಕ್ಕೆ ೩೬೦ ಎಲೆಗಳು. ನಿಯಮ ಬರೆಹದಲ್ಲಿ ಉಳಿದಿದೆ, ಚಿತ್ರ ಉಳಿದಿದೆ, ಆಡುವವರು ಉಳಿಯಲಿಲ್ಲ. ಅಷ್ಟು ಎಲೆಗಳನ್ನು ನೆನಪಿಟ್ಟು ಆಡುವ ವಿರಾಮ ಅರಮನೆಯ ಹೊರಗೆ ಯಾರಿಗಿತ್ತು? ಮೈಸೂರು ಗಂಜೀಫಾ ಇಂದು ಭೌಗೋಳಿಕ ಸೂಚಿಯ ಮಾನ್ಯತೆ ಪಡೆದು ಮಾರಾಟವಾಗುತ್ತದೆ. ಆದರೆ ಕೊಂಡವರು ಅದನ್ನು ಹೆಚ್ಚಾಗಿ ಕಟ್ಟುಹಾಕಿಸಿ ಗೋಡೆಗೆ ತೂಗಹಾಕುತ್ತಾರೆ. ಮಾರಾಟವಿದ್ದೂ ಆಟವಿಲ್ಲದ ಸ್ಥಿತಿ ಇದು. ಚೌಕಾಬಾರದಲ್ಲಿ ಆಟವಿದೆ, ಮಾರಾಟವಿಲ್ಲ.

ಈ ಎರಡರ ನಡುವೆ ಹಳೆಯ ವಿಡಿಯೋ ಆಟವನ್ನು ಇಟ್ಟು ನೋಡಿದರೆ ಅದರ ಅಪಾಯ ಸ್ಪಷ್ಟವಾಗುತ್ತದೆ. ಅದನ್ನು ಇದ್ದಿಲಿನಿಂದ ಬರೆದುಕೊಳ್ಳಲಾಗದು. ಅಜ್ಜಿ ಮೊಮ್ಮಗಳಿಗೆ ಬಾಯಿಂದ ಹೇಳಿಕೊಡಲಾಗದು. ಅದರ ಆಟವೂ ಮಾರಾಟವೂ ಒಂದೇ ಹಗ್ಗಕ್ಕೆ ಬಿಗಿದಿವೆ. ಮಾರುವವನಿಗೆ ಲಾಭ ಕಡಿಮೆಯಾದರೆ ಅವನು ಅಂಗಡಿ ಮುಚ್ಚುತ್ತಾನೆ, ಆಗ ನ್ಯಾಯವಾದ ದಾರಿಯಿಂದ ಆಟವನ್ನು ಪಡೆಯುವ ಬಾಗಿಲೇ ಮುಚ್ಚುತ್ತದೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಎಂಬ ಸಂಸ್ಥೆ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನವು, ೨೦೧೦ಕ್ಕೆ ಮುಂಚೆ ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ನೂರಕ್ಕೆ ೮೭ರಷ್ಟು ಇಂದು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲವೆಂದು ಕಂಡಿತು. ಮರುಮಾರಾಟವು ಅತ್ಯಂತ ಭರದಿಂದ ನಡೆದ ಕಾಲಾವಧಿಯ ತರುವಾಯದ ಲೆಕ್ಕವಿದು ಎಂಬುದನ್ನು ಗಮನಿಸಬೇಕು. ಪ್ರಸಿದ್ಧವಾದ ಕೆಲವೇ ಆಟಗಳನ್ನು ಹತ್ತು ಸಲ ಮಾರಿದರೇ ಹೊರತು, ಉಳಿದುವನ್ನು ಒಮ್ಮೆಯೂ ಮುಟ್ಟಲಿಲ್ಲ.

ಕಾನೂನು ಈ ಬಾಗಿಲಿಗೆ ಅಗುಳಿ ಹಾಕುತ್ತದೆ. ಆಟದ ನಿಯಮಕ್ಕೆ ಕೃತಿಸ್ವಾಮ್ಯವಿಲ್ಲ. ಆದುದರಿಂದಲೇ ಚೌಕಾಬಾರವನ್ನು ಯಾರಾದರೂ ಆಡಬಹುದು, ಪಗಡೆಯಿಂದ ಲೂಡೋ ಹುಟ್ಟಬಹುದು. ವಿಡಿಯೋ ಆಟದಲ್ಲಿ ನಿಯಮದ ಜೊತೆಗೆ ಚಿತ್ರ, ಸಂಗೀತ, ತಂತ್ರಾಂಶದ ಬರೆಹ ಸೇರಿ ಇವೆಲ್ಲಕ್ಕೂ ಸ್ವಾಮ್ಯವಿರುತ್ತದೆ. ಅಮೆರಿಕದಲ್ಲಿ ಸಂಸ್ಥೆಯ ಹೆಸರಿನಲ್ಲಿ ಪ್ರಕಟವಾದ ಇಂತಹ ಕೃತಿಗೆ ೯೫ ವರ್ಷಗಳ ರಕ್ಷಣೆ. ೧೯೮೫ರ 'ಸೂಪರ್ ಮಾರಿಯೋ ಬ್ರದರ್ಸ್' ಈ ಲೆಕ್ಕದಂತೆ ೨೦೮೦ರ ಕೊನೆಯವರೆಗೂ ಸ್ವಾಮ್ಯದ ವಸ್ತು. ಅಷ್ಟರೊಳಗೆ ಅದರ ಮೂಲ ಯಂತ್ರಗಳು ಎಷ್ಟು ಉಳಿದಾವು? ಮಾರಾಟ ನಿಂತ ಆಟಗಳನ್ನು ಸಂಶೋಧಕರು ದೂರದಿಂದಲೇ ಅಭ್ಯಸಿಸಲು ಗ್ರಂಥಾಲಯಗಳು ಅವಕಾಶ ಕೊಡಬಹುದೆ ಎಂಬ ಕೋರಿಕೆಯನ್ನು ಅಲ್ಲಿನ ಕೃತಿಸ್ವಾಮ್ಯ ಕಚೇರಿ ೨೦೨೪ರ ಅಕ್ಟೋಬರಿನಲ್ಲಿ ನಿರಾಕರಿಸಿತು. ಮಾಲಿಕನು ಮಾರುವುದಿಲ್ಲ, ಗ್ರಂಥಾಲಯವು ಕೊಡುವಂತಿಲ್ಲ. ಇದು ನ್ಯಾಯವೆಂದು ಒಪ್ಪುವುದು ನನಗೆ ಕಷ್ಟ.

ನಮ್ಮ ಕಾಲೇಜುಗಳಿಗೆ ಆ ಕಾನೂನನ್ನು ತಿದ್ದುವ ಶಕ್ತಿಯಿಲ್ಲ. ಆದರೆ ಕೈಗೆಟುಕುವ ಕೆಲಸವೊಂದಿದೆ. ೧೯೯೦ರ ದಶಕದ ಆ ಹೆಸರಿಲ್ಲದ ಪೆಟ್ಟಿಗೆಗಳು, ಕ್ಯಾಸೆಟ್ಟುಗಳು, ಪ್ಲಾಸ್ಟಿಕ್ ಬಂದೂಕಗಳು ಅಟ್ಟದಿಂದ ಗುಜರಿಗೆ ಹೋಗುತ್ತಿವೆ. ಅವನ್ನು ಆಡಿದವರು ಇನ್ನೂ ನಡುವಯಸ್ಸಿನಲ್ಲಿದ್ದಾರೆ. ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿ ವಸ್ತುವನ್ನು ಸಂಗ್ರಹಿಸುವುದರ ಜೊತೆಗೆ ಆಟದ ಸಂದರ್ಭವನ್ನೂ ಬರೆದುಕೊಳ್ಳಬೇಕು: ಯಾರ ಮನೆಯ ಟಿ.ವಿ., ಸರದಿ ಹೇಗೆ, ಕರೆಂಟು ಹೋದಾಗ ಗೆಲವನ್ನು ಯಾರದೆಂದು ತೀರ್ಮಾನಿಸುತ್ತಿದ್ದರು. ಅದೇ ಟಿಪ್ಪಣಿಯ ಪುಸ್ತಕದಲ್ಲಿ ಆ ಮನೆಯ ಹಿರಿಯರು ಚೌಕಾಬಾರವನ್ನು ಯಾವ ನಿಯಮದಿಂದ ಆಡುತ್ತಾರೆ, ಹೊಡೆಯದೆ ಒಳಸುತ್ತಿಗೆ ಹೋಗಬಹುದೆ, ಮುಳುಗಡೆಯ ಮುಂಚಿನ ಊರಿನಲ್ಲಿಯೂ ಅದೇ ನಿಯಮವಿತ್ತೆ ಎಂಬುದನ್ನೂ ಬರೆಯಬಹುದು. ಬೇರೆ ಬೇರೆ ಹಳ್ಳಿಗಳವರು ಒಂದೇ ಕೇಂದ್ರದಲ್ಲಿ ನೆಲಸಿದಾಗ ಯಾರ ನಿಯಮ ನಿಂತಿತೆಂಬುದು ಸ್ವತಂತ್ರವಾಗಿಯೇ ಅಭ್ಯಾಸಯೋಗ್ಯವಾದ ವಿಷಯ. ವಿಡಿಯೋ ಆಟದ ಹೆಸರು ಬರೆಯುವಾಗ ಕ್ಯಾಸೆಟ್ಟಿನ ಪಟ್ಟಿಯನ್ನು ನಂಬಬಾರದು. ಒಂದೇ ಆಟಕ್ಕೆ ಆ ಪಟ್ಟಿಗಳಲ್ಲಿ ಹಲವು ಹೆಸರುಗಳಿರುವುದರಿಂದ, ಮಕ್ಕಳು ತಮ್ಮೊಳಗೆ ಅದನ್ನು ಏನೆಂದು ಕರೆಯುತ್ತಿದ್ದರೋ ಆ ಹೆಸರನ್ನೇ ಮೊದಲು ಬರೆದು, ಅಚ್ಚಾದ ಹೆಸರನ್ನು ಅದರ ಕೆಳಗೆ ಬರೆಯುವುದು ಲೇಸು.